ಕೆಲಸ ಐತಿ, ಕೂಲಿ ಎಲ್ಲೈತಿ?

(ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ರೈತರೆದುರು ಆಡಿದ ಮಾತಿನ ಬರಹರೂಪ)



ತೊಗರಿ ಧಾರಣಿ ಮಾತು ಬಿಟ್ಟು ಇಂವಾ ಸರಕಾರದ ಅಂಕಿ-ಸಂಖ್ಯೆ ಹಿಡಕೊಂಡು ಯಾಕ ಬಂದ ಅಂತ ನೀವು ಕೇಳಬಹುದು. ಧಾರಣಿ ಮಾತಿಗೇ ಬರತೀನಿ, ತುಸು ತಾಳಿರಿ.

2025ರ ಮೇ ತಿಂಗಳಿಂದ ಕೇಂದ್ರ ಸರಕಾರ ತಿಂಗಳಿಗೊಮ್ಮೆ ನಿರುದ್ಯೋಗದ ಲೆಕ್ಕ ಪ್ರಕಟಿಸುತ್ತಿದೆ. ಅದಕ್ಕೂ ಮುಂಚೆ ಹಳ್ಳಿಯ ಲೆಕ್ಕ ವರ್ಷಕ್ಕೊಮ್ಮೆ ಮಾತ್ರ ಬರುತ್ತಿತ್ತು. ಮೊದಲ ಲೆಕ್ಕ ಏಪ್ರಿಲ್ ತಿಂಗಳದ್ದು. ದುಡಿಯುವವರು, ಕೆಲಸ ಬೇಡುವವರು ಸೇರಿ ನೂರು ಮಂದಿಯಾದರೆ ಅವರಲ್ಲಿ 5.1 ಮಂದಿ ನಿರುದ್ಯೋಗಿಗಳು. ಪಟ್ಟಣದಲ್ಲಿ 6.5, ಹಳ್ಳಿಯಲ್ಲಿ 4.5. ಅಂದರೆ ಪಟ್ಟಣಕ್ಕಿಂತ ಹಳ್ಳಿಯೇ ಸುಖದಲ್ಲಿದೆ! ಹಾಗಾದರೆ ನಮ್ಮ ಜನ ಮನೆಗೆ ಕೀಲಿ ಹಾಕಿ, ಮಕ್ಕಳ ಸಾಲಿ ಬಿಡಿಸಿ, ಗೋವಾ, ಪುಣೆ, ಸಾಂಗ್ಲಿ ಕಡೆ ದುಡಿಯಾಕ ಹೋಗುವುದು ಯಾಕೆ?

ಅಂಕಿ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ತಿಳಿಯಬೇಕು. ಕಳೆದ ಏಳು ದಿನದಲ್ಲಿ ಯಾವತ್ತಾದರೂ ಒಂದು ತಾಸು ಕೆಲಸ ಮಾಡಿದವನು ಈ ಲೆಕ್ಕದಲ್ಲಿ ಉದ್ಯೋಗಿ. ಮನೆಯ ಹೊಲದಲ್ಲಿ ಪಗಾರವಿಲ್ಲದೆ ಕಸ ತೆಗೆದ ಸೊಸೆಯೂ ಉದ್ಯೋಗಿ. ಒಂದು ತಾಸಿನ ಈ ನಿಯಮ ನಮ್ಮ ದೇಶದ್ದಷ್ಟೇ ಅಲ್ಲ, ಹೊರದೇಶಗಳಲ್ಲೂ ಉಂಟು. ಅಲ್ಲಿ ಎಷ್ಟೋ ಕಡೆ ಕೆಲಸ ಹೋದವನಿಗೆ ಸರಕಾರದ ಭತ್ಯೆ ಸಿಗುತ್ತದೆ. ಅವನು ಮನೆಯಲ್ಲಿ ಕೂತು ಬೇರೆ ಕೆಲಸ ಹುಡುಕಬಲ್ಲ. ನಮ್ಮಲ್ಲಿ ಹಾಗೆ ಕೂಡುವವರು ಯಾರು? ಬಡವನಿಗೆ ನಿರುದ್ಯೋಗಿಯಾಗಿರಲಿಕ್ಕೂ ಶಕ್ತಿ ಬೇಕು!

ನನ್ನ ಮನೆಯನ್ನೇ ತಗೊಳ್ಳಿರಿ. ಐದೆಕರೆ ಒಣಭೂಮಿ. ನಾನು, ನನ್ನ ಹೆಂಡತಿ, ಮಗ, ಸೊಸೆ. ಇಬ್ಬರು ಮಾಡುವ ಕೆಲಸಕ್ಕೆ ನಾಲ್ವರು ಇಳಿಯುತ್ತೇವೆ. ಲೆಕ್ಕದಲ್ಲಿ ನಾಲ್ವರೂ ಉದ್ಯೋಗಿಗಳು. 2024-25ರ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು. ರಾಜ್ಯ 450 ಸೇರಿಸಿ 8,000 ಮಾಡಿತು. ಆದರೆ ಸಾಲಗಾರ ಬಾಗಿಲಲ್ಲಿ ನಿಂತಾಗ ಖರೀದಿ ಕೇಂದ್ರದ ಪಾಳಿ ಕಾಯುವವರು ಯಾರು? ಅಡತಿ ಅಂಗಡಿಯಲ್ಲಿ ಬಂದಷ್ಟಕ್ಕೆ ಮಾರಿದೆ. ಬೀಜ, ಗೊಬ್ಬರ, ಬಡ್ಡಿ ಕಳೆದ ಮೇಲೆ ಉಳಿದದ್ದು ನಾಲ್ವರ ಕೂಲಿಗೂ ಸಾಲಲಿಲ್ಲ. ಬೆಲೆ ಬಿದ್ದಾಗ ನಮ್ಮ ಕೆಲಸ ಹೋಗುವುದಿಲ್ಲ, ಕೂಲಿ ಹೋಗುತ್ತದೆ. ನಿರುದ್ಯೋಗದ ಅಂಕಿಗೆ ಅದು ಕಾಣುವುದಿಲ್ಲ.

ಇನ್ನೊಂದು ಮಾತು. 2025ರ ಮೇ ತಿಂಗಳಲ್ಲಿ ಹಳ್ಳಿಯ ನಿರುದ್ಯೋಗ 4.5ರಿಂದ 5.1ಕ್ಕೆ ಏರಿತು. ದೇಶ ಮುಳುಗಿತು ಅಂತ ಗಾಬರಿ ಬೇಡ. ಹಿಂಗಾರಿ ರಾಶಿ ಮುಗಿದ ಮೇಲೆ ಮೃಗಾ ಮಳೆ ಬೀಳುವ ತನಕ ಹೊಲದಲ್ಲಿ ಏನು ಕೆಲಸ ಇರತೈತಿ? ಮೇ ತಿಂಗಳನ್ನು ಮುಂದಿನ ವರ್ಷದ ಮೇ ಜೊತೆಗೆ ತೂಗಬೇಕು, ಏಪ್ರಿಲ್ ಜೊತೆಗಲ್ಲ. ಅದೇ ತಿಂಗಳು ದೇಶದಲ್ಲಿ ದುಡಿಯುವವರು ಮತ್ತು ಕೆಲಸ ಬೇಡುವವರ ಪಾಲು 55.6ರಿಂದ 54.8ಕ್ಕೆ ಇಳಿಯಿತು. ಕೆಲಸ ಕೇಳಿ ಕೇಳಿ ಸೋತು, ಇನ್ನು ಕೆಲಸವೇ ಬೇಡ ಅಂದುಬಿಟ್ಟ ತಾಯಿ ನಿರುದ್ಯೋಗಿ ಅಲ್ಲ. ಆಕೆ ಲೆಕ್ಕದಿಂದಲೇ ಹೊರಗೆ. ಜನ ಆಸೆ ಬಿಟ್ಟರೂ ನಿರುದ್ಯೋಗದ ಅಂಕಿ ಇಳಿಯುತ್ತದೆ, ನೆನಪಿಡಿರಿ.

ಈಗ ವರ್ಷದ ಲೆಕ್ಕ ನೋಡೋಣ. 2017-18ರಲ್ಲಿ ನೂರಕ್ಕೆ 6.1 ಇದ್ದ ನಿರುದ್ಯೋಗ 2023-24ಕ್ಕೆ 3.2 ಆಯಿತು. ಕೆಲಸ ಸಿಕ್ಕವರು ಎಲ್ಲಿಗೆ ಹೋದರು? ದುಡಿಯುವವರಲ್ಲಿ ತಿಂಗಳ ಪಗಾರದವರ ಪಾಲು 22.8ರಿಂದ 21.7ಕ್ಕೆ ಇಳಿಯಿತು. ಒಕ್ಕಲುತನದವರ ಪಾಲು 44.1ರಿಂದ 46.1ಕ್ಕೆ ಏರಿತು. ಪಗಾರವಿಲ್ಲದೆ ಮನೆಯ ಹೊಲ, ಅಂಗಡಿಯಲ್ಲಿ ದುಡಿಯುವವರು 13.6ರಿಂದ 19.4ಕ್ಕೆ ಮುಟ್ಟಿದರು. ದೇಶ ಮುಂದೆ ಹೋದಂತೆ ಜನ ಹೊಲ ಬಿಟ್ಟು ಒಳ್ಳೆಯ ಪಗಾರದ ಕಡೆ ಹೋಗಬೇಕು. ಇಲ್ಲಿ ಅದೇ ಐದೆಕರೆಯ ಮೇಲೆ ಇನ್ನೊಬ್ಬನ ಹೊಟ್ಟೆ ಬಿದ್ದಿದೆ. ರೊಟ್ಟಿ ಅಷ್ಟೇ, ತುತ್ತು ಸಣ್ಣದಾಯಿತು.

ಇದರಿಂದ ನಮಗೇನಾಗಬೇಕು ಅನ್ನಬೇಡಿರಿ. ಹಳ್ಳಿಯಲ್ಲಿ ಎಲ್ಲರಿಗೂ ಕೆಲಸ ಇದೆ ಎಂದು ಕಾಗದದ ಮೇಲೆ ಸಿದ್ಧವಾದರೆ, ಕೂಲಿ ಕೆಲಸಕ್ಕೆ ಹಣ ಯಾಕೆ, ಬೆಂಬಲ ಬೆಲೆ ಯಾಕೆ ಎಂಬ ಮಾತು ಹಿಂದೆಯೇ ಬರುತ್ತದೆ.

ಆದ್ದರಿಂದ ಪ್ರತಿ ಊರಿನಲ್ಲಿ ಒಂದು ವಹಿ ಇಡಿರಿ. ಸಾಲಿ ಕಲಿತ ಹುಡುಗರ ಕೈಗೆ ಕೊಡಿರಿ. ಈ ತಿಂಗಳು ಎಷ್ಟು ದಿನ ಕೂಲಿ ಸಿಕ್ಕಿತು, ಕೂಲಿ ಎಷ್ಟು, ಎಷ್ಟು ಮನೆಗೆ ಕೀಲಿ ಬಿತ್ತು, ತೊಗರಿ ಯಾವ ದರಕ್ಕೆ ಹೋಯಿತು, ಬಡ್ಡಿ ಎಷ್ಟು ಕಟ್ಟಿದಿರಿ – ಈ ಐದು ಮಾತು ಬರೆಯಿರಿ. ಅದನ್ನು ಗ್ರಾಮಸಭೆಯಲ್ಲಿ ಓದಿರಿ, ಮತ ಕೇಳಲು ಬಂದವರ ಮುಂದೆ ಹಿಡಿಯಿರಿ. ಬಸವಣ್ಣನವರು ಹುಟ್ಟಿದ ನಾಡಿನವರು ನಾವು. ಕಾಯಕಕ್ಕೆ ಎಂದೂ ಬೆನ್ನು ತೋರಿಸಿಲ್ಲ. ನಮ್ಮ ಕಾಯಕವನ್ನು ಎಣಿಸುವವರು ಅದರ ಬೆಲೆಯನ್ನೂ ಎಣಿಸಲಿ. ಅವರು ಎಣಿಸುವ ತನಕ ನಾವೇ ಎಣಿಸೋಣ.