ಸಚಿವ ಸಂಪುಟದಿಂದ ವಿರೋಧದ ಸಾಲಿಗೆ



1950ರ ಜನವರಿ 26ರಂದು ಭಾರತವು ಗಣರಾಜ್ಯವಾದಾಗ ನಮಗೆ ಜನರು ನೇರವಾಗಿ ಆರಿಸಿದ ಸಂಸತ್ತು ಇರಲಿಲ್ಲ. ಸಂವಿಧಾನ ರಚನಾ ಸಭೆಯೇ ತಾತ್ಕಾಲಿಕ ಸಂಸತ್ತಾಗಿ ಮುಂದುವರಿಯಿತು. ಆ ಸಭೆಯಲ್ಲಿ ಕಾಂಗ್ರೆಸ್ಸಿನದು ಅಗಾಧ ಬಹುಮತ. ಹಾಗಿದ್ದರೆ ಸರ್ಕಾರವನ್ನು ಪ್ರಶ್ನಿಸುವವರು ಎಲ್ಲಿಂದ ಬರಬೇಕಿತ್ತು? ಬಹುಮಟ್ಟಿಗೆ ಅವರು ಸರ್ಕಾರದ ಒಳಗಿನಿಂದಲೇ ಬಂದರು. ಆ ಕಾಲದ ಈ ವೈಶಿಷ್ಟ್ಯವನ್ನು ನಾವು ಅಷ್ಟಾಗಿ ಗಮನಿಸಿಲ್ಲ.

1947ರಲ್ಲಿ ಜವಾಹರಲಾಲ್ ನೆಹರೂ ಅವರು ರಚಿಸಿದ ಸಂಪುಟದಲ್ಲಿ ಕಾಂಗ್ರೆಸ್ಸಿಗೆ ಸೇರದ ಗಣ್ಯರೂ ಇದ್ದರು. ಡಾ. ಅಂಬೇಡ್ಕರ್ ಕಾನೂನು ಸಚಿವರು, ಡಾ. ಶ್ಯಾಮಪ್ರಸಾದ ಮುಖರ್ಜಿ ಕೈಗಾರಿಕಾ ಸಚಿವರು. ಗಣರಾಜ್ಯಕ್ಕೆ ಮೂರು ತಿಂಗಳು ತುಂಬುವ ಮೊದಲೇ, ಅಲ್ಪಸಂಖ್ಯಾತರ ರಕ್ಷಣೆಯ ಕುರಿತು ಪಾಕಿಸ್ತಾನದೊಡನೆ ಆದ ಒಪ್ಪಂದವನ್ನು ಒಪ್ಪದೆ ಮುಖರ್ಜಿ ಮತ್ತು ಕೆ.ಸಿ. ನಿಯೋಗಿ ರಾಜೀನಾಮೆ ನೀಡಿದರು. ಯೋಜನಾ ಆಯೋಗದ ವಿಚಾರದಲ್ಲಿ ಭಿನ್ನಾಭಿಪ್ರಾಯ ತಾಳಿ ಹಣಕಾಸು ಸಚಿವ ಜಾನ್ ಮಥಾಯ್ ಅದೇ ವರ್ಷ ನಿರ್ಗಮಿಸಿದರು. 1951ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಹೊರಬಂದರು. ಹಿಂದೂ ಸಂಹಿತೆಯ ಮಸೂದೆ ಮುಂದೆ ಸಾಗದೆ ನಿಂತದ್ದು ಅದಕ್ಕಿದ್ದ ಕಾರಣಗಳಲ್ಲಿ ಮುಖ್ಯವಾದದ್ದು. ಮರುತಿಂಗಳೇ ಮುಖರ್ಜಿಯವರ ನೇತೃತ್ವದಲ್ಲಿ ಭಾರತೀಯ ಜನಸಂಘ ಜನ್ಮ ತಾಳಿತು.

ಕಾಂಗ್ರೆಸ್ಸಿನ ಮನೆಯೂ ಪ್ರಶಾಂತವಾಗಿರಲಿಲ್ಲ. ಸಮಾಜವಾದಿಗಳು 1948ರಲ್ಲೇ ಬೇರ್ಪಟ್ಟಿದ್ದರು. ಪಕ್ಷದ ಅಧ್ಯಕ್ಷರಾಗಿದ್ದ ಆಚಾರ್ಯ ಕೃಪಲಾನಿಯವರೇ 1951ರಲ್ಲಿ ಹೊರನಡೆದು ಕಿಸಾನ್ ಮಜ್ದೂರ್ ಪ್ರಜಾ ಪಕ್ಷವನ್ನು ಕಟ್ಟಿದರು. ಅದೇ ವರ್ಷ ಪುರುಷೋತ್ತಮದಾಸ್ ಟಂಡನ್ ಅಧ್ಯಕ್ಷ ಸ್ಥಾನವನ್ನು ತ್ಯಜಿಸಲು, ಪ್ರಧಾನಿ ನೆಹರೂ ಆ ಹೊಣೆಯನ್ನೂ ತಾವೇ ವಹಿಸಿಕೊಂಡರು. ಪಕ್ಷ ಮತ್ತು ಸರ್ಕಾರ ಒಬ್ಬರ ಕೈಯಲ್ಲೇ ಸೇರುವುದು ಹಿತವೇ ಎಂಬ ಪ್ರಶ್ನೆ ಅಂದೂ ಇತ್ತು.

ಇದಕ್ಕಿಂತ ಕಠಿಣವಾದ ಸಂಗತಿ ತೆಲಂಗಾಣದ್ದು. ಅಲ್ಲಿ ಸಶಸ್ತ್ರ ಹೋರಾಟ ನಡೆಸಿದ್ದ ಕಮ್ಯುನಿಸ್ಟರು 1951ರ ಅಕ್ಟೋಬರಿನಲ್ಲಿ ಅದನ್ನು ಹಿಂತೆಗೆದುಕೊಂಡು ಮತಪೆಟ್ಟಿಗೆಯ ದಾರಿ ಹಿಡಿದರು. ಹೈದರಾಬಾದು ರಾಜ್ಯದಲ್ಲಿ ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ಸ್ಪರ್ಧಿಸಿ, ನಲ್ಗೊಂಡದಿಂದ ರಾವಿ ನಾರಾಯಣ ರೆಡ್ಡಿಯವರನ್ನು ಲೋಕಸಭೆಗೆ ಕಳುಹಿಸಿದರು.

1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆದ ಆ ಮೊದಲ ಮಹಾಚುನಾವಣೆಯ ಹೊಣೆ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರದು. ಮತದಾರರು 17 ಕೋಟಿಗೂ ಅಧಿಕ. ಅವರಲ್ಲಿ ಬಹುಪಾಲು ಅನಕ್ಷರಸ್ಥರು. ಆದುದರಿಂದ ಪ್ರತಿಯೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಯನ್ನು ಇರಿಸಲಾಗಿತ್ತು. ಮತಪತ್ರದ ಮೇಲೆ ಗುರುತು ಹಾಕುವಂತಿರಲಿಲ್ಲ. ಮೆಚ್ಚಿದವರ ಪೆಟ್ಟಿಗೆಗೆ ಅದನ್ನು ಹಾಕಿದರೆ ಸಾಕು. ಆದರೂ ಒಂದು ಕೊರತೆ ಮನಸ್ಸಿಗೆ ನಾಟುತ್ತದೆ. ಉತ್ತರದ ಕೆಲವು ರಾಜ್ಯಗಳಲ್ಲಿ ಅನೇಕ ಸ್ತ್ರೀಯರು ಸ್ವಂತ ಹೆಸರು ಹೇಳದೆ, ಇಂಥವರ ಪತ್ನಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಇಂತಹ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ನಿಯಮವನ್ನು ಸಡಿಲಿಸದ ಸೇನರ ನಿಲುವು ಸರಿಯೆಂದೇ ನನ್ನ ಭಾವನೆ. ಹೆಸರಿಲ್ಲದವರಿಗೆ ಮತ ಕೊಡುವುದಕ್ಕಿಂತ ಅವರು ತಮ್ಮ ಹೆಸರನ್ನು ಹೇಳುವಂತಾಗುವುದು ಮುಖ್ಯವಾಗಿತ್ತು.

ಅಂದು ಕನ್ನಡಿಗರೂ ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿ ಬೇರೆ ಬೇರೆ ವಿಧಾನಸಭೆಗಳಿಗೆ ಮತ ನೀಡಿದರು. ಲೋಕಸಭೆಯ 489 ಸ್ಥಾನಗಳಲ್ಲಿ ಕಾಂಗ್ರೆಸ್ 364ನ್ನು ಗೆದ್ದಿತಾದರೂ ಅದಕ್ಕೆ ದೊರೆತ ಮತ ಶೇಕಡಾ 45ರಷ್ಟು ಮಾತ್ರ. ಮದರಾಸಿನಲ್ಲಿ ಅದಕ್ಕೆ ಬಹುಮತವೇ ಬರಲಿಲ್ಲ. ಮುಂಬಯಿಯಲ್ಲಿ ಅಂಬೇಡ್ಕರ್ ಸೋತು, ಬಳಿಕ ರಾಜ್ಯಸಭೆಯನ್ನು ಪ್ರವೇಶಿಸಿದರು. ಕೃಪಲಾನಿಯವರೂ ಸೋತರು. ಮೊರಾರ್ಜಿ ದೇಸಾಯಿ ಕೇವಲ 19 ಮತಗಳಿಂದ ಸೋತರೂ ಮುಂಬಯಿಯ ಮುಖ್ಯಮಂತ್ರಿಯಾದರು. ಇದನ್ನು ಅನುಕರಣೀಯ ಎನ್ನಲಾರೆ.

ಹೊಸ ಲೋಕಸಭೆಯಲ್ಲಿ ಎ.ಕೆ. ಗೋಪಾಲನ್ ವಿರೋಧದ ದೊಡ್ಡ ಗುಂಪಿನ ನಾಯಕರಾಗಿದ್ದರು. ಆದರೆ ಸದನದ ಹತ್ತನೆಯ ಒಂದು ಭಾಗದಷ್ಟು ಬಲ ಬೇಕೆಂದು ಸಭಾಧ್ಯಕ್ಷ ಮಾವಳಂಕರ್ ನಿಗದಿಪಡಿಸಿದ್ದುದರಿಂದ ಅಧಿಕೃತ ಮನ್ನಣೆ ಅವರಿಗೆ ದೊರೆಯಲಿಲ್ಲ. ಲೋಕಸಭೆಯಲ್ಲಿ ಆ ಮನ್ನಣೆ ಮೊದಲಿಗೆ ಸಂದದ್ದು 1969ರ ಡಿಸೆಂಬರಿನಲ್ಲಿ, ರಾಮ ಸುಭಗ್ ಸಿಂಗ್ ಅವರಿಗೆ. ಕೆಲವೇ ವಾರಗಳ ಹಿಂದಿನವರೆಗೆ ಅವರು ಕೇಂದ್ರ ರೈಲ್ವೆ ಸಚಿವರಾಗಿದ್ದರು.