ಹರವಿಯ ಉಸಿರು

ಬೇಸಿಗೆ ಬಂದಿತೆಂದರೆ ಬೀದರ ಸೀಮೆಯ ಮನೆಗಳಲ್ಲಿ ಮೊದಲು ನೆನಪಾಗುವುದು ನೀರಿನ ಹರವಿ. ಕೆಲವು ವರ್ಷಗಳ ಹಿಂದೆ ಹಲಬರ್ಗಾದಲ್ಲಿ ನಮ್ಮ ಅತ್ತೆಯವರ ಮನೆಗೆ ಹೋಗಿದ್ದೆ. ಬಾಗಿಲಿಗೆ ಬಂದ ಮುದುಕ ಕುಂಬಾರನನ್ನು ಅವರು ತಡೆದು ಕೇಳಿದರು: “ಯಾಕ ಕಾಕಾ, ಹೋದ ವರ್ಷ ಕೊಟ್ಟ ಹರವ್ಯಾಗ ನೀರು ತಣ್ಣಗ ಆಗವಲ್ಲದು?” ಮುದುಕ ಹರವಿಯ ಮೈಮೇಲೆ ಕೈಯಾಡಿಸಿ, “ಅದರ ಉಸಿರು ಕಟ್ಟ್ಯದ, ಅವ್ವಾ” ಎಂದ.

ಆ ಮಾತು ಬರಿಯ ಅಲಂಕಾರವಲ್ಲ, ಅದರಲ್ಲಿ ವಿಜ್ಞಾನವಿದೆ. ಹರವಿಯ ಮೈಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳುಂಟು. ಅವುಗಳ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖದ ಬಹುಪಾಲನ್ನು ಒಳಗುಳಿದ ನೀರೇ ತೆರಬೇಕು. ಆದುದರಿಂದ ಅದು ತಂಪಾಗುತ್ತದೆ.

ಈ ರಂಧ್ರಗಳು ಬಂದದ್ದು ಹೇಗೆ? ಜೇಡಿಮಣ್ಣಿಗೆ ತನ್ನದೇ ಆದ ಸಣ್ಣ ರಂಧ್ರಗಳಿವೆ. ಆದರೆ ಕುಂಬಾರರು ಅನೇಕ ಕಡೆ ಅದಕ್ಕೆ ಬೂದಿ, ಹೊಟ್ಟು, ಲದ್ದಿಪುಡಿಗಳನ್ನು ಬೆರೆಸಿ ತುಳಿಯುವುದುಂಟು. ಆವಿಗೆಯ ಬೆಂಕಿಯಲ್ಲಿ ಹೊಟ್ಟು ಸುಟ್ಟುಹೋಗುತ್ತದೆ. ಅದು ಕುಳಿತಿದ್ದ ಜಾಗ ಮಾತ್ರ ಉಳಿಯುತ್ತದೆ. ಹೊಟ್ಟು ಹೆಚ್ಚಾದರೆ ಹರವಿ ಸೋರುತ್ತದೆ, ಕಡಿಮೆಯಾದರೆ ನೀರು ತಣಿಯದು. ಬೆಂಕಿಗೆ ಗಾಳಿ ಸಾಲದಿದ್ದರೆ ಹೊಟ್ಟು ಪೂರ್ತಿ ಸುಡದೆ ಮಣ್ಣಿನ ನಡುವೆ ಕರಿಯಾಗಿ ಉಳಿಯುತ್ತದೆ. ತುಂಬುವುದು ಸುಲಭ, ತುಂಬಿದ್ದನ್ನು ಗೋಡೆ ಕೆಡದಂತೆ ಹೊರಗೆ ಕಳಿಸುವುದೇ ಕಸುಬು.

ಪ್ರಕೃತಿಯೂ ಇದೇ ಕೆಲಸವನ್ನು ಮಾಡಿದೆ. ಬೀದರದ ಕೋಟೆ ನಿಂತಿರುವ ಕೆಂಪು ಜಂಬಿಟ್ಟಿಗೆ ಕಲ್ಲನ್ನು ನೋಡಿ. ಲಕ್ಷಾಂತರ ವರ್ಷಗಳ ಮಳೆ ಮೂಲಶಿಲೆಯಲ್ಲಿ ಕರಗುವ ಅಂಶಗಳನ್ನು ತೊಳೆದೊಯ್ದಿತು. ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶಗಳು ಚೌಕಟ್ಟಿನಂತೆ ಉಳಿದವು. ಸಂದುಗಳಲ್ಲಿದ್ದ ಮೆತ್ತನೆಯ ಜೇಡಿ ಸಹ ತೊಳೆದುಹೋದಾಗ ಕಲ್ಲು ಜೇನುಹಟ್ಟಿನಂತಾಯಿತು. ಈ ಕಲ್ಲಿನಲ್ಲಿ ಇಂಗಿದ ನೀರನ್ನು ನಂಬಿಯೇ ಬಹಮನಿ ಅರಸರ ಕಾಲದಲ್ಲಿ ನೆಲದೊಳಗೆ ಕರೇಜ್ ಎಂಬ ಸುರಂಗ ಕಾಲುವೆಗಳನ್ನು ತೋಡಿದರು.

ಇನ್ನು ಕಾರ್ಖಾನೆಯ ಕಡೆಗೆ ಬರೋಣ. ಅಲ್ಯೂಮಿನಿಯಮ್ಮನ್ನು ಸ್ಪಂಜಿನಂತೆ ಮಾಡಬೇಕೆಂದರೆ ಅಚ್ಚಿನೊಳಗೆ ಉಪ್ಪಿನ ಹರಳುಗಳನ್ನು ತುಂಬಿ, ಕರಗಿದ ಲೋಹವನ್ನು ಒತ್ತಡದಿಂದ ಸಂದುಗಳಿಗೆ ನುಗ್ಗಿಸುತ್ತಾರೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಉಪ್ಪು ಕರಗುವುದು 801ರಲ್ಲಿ. ಆದುದರಿಂದ ಉಪ್ಪು ಗಟ್ಟಿಯಾಗಿಯೇ ಇರುತ್ತದೆ. ಲೋಹ ಆರಿದ ಮೇಲೆ ನೀರಿನಲ್ಲಿಟ್ಟರೆ ಉಪ್ಪು ಕರಗಿ ಹೋಯಿತು, ಹಗುರವಾದ ಲೋಹದ ಸ್ಪಂಜು ಉಳಿಯಿತು! ಆದರೆ ಉಪ್ಪಿನ ಹರಳುಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ಒಂಟಿಯಾಗಿ ಸಿಕ್ಕಿಬಿದ್ದ ಹರಳಿಗೆ ಹೊರಗೆ ಬರಲು ದಾರಿಯಿಲ್ಲ.

ರಸಾಯನಶಾಸ್ತ್ರಜ್ಞರು ಇದನ್ನೇ ಅಣುಗಳ ಮಟ್ಟಕ್ಕೆ ಇಳಿಸಿದ್ದಾರೆ. ಬೆಂಗಳೂರಿನಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ. ಎನ್. ಆರ್. ರಾವ್ ಅವರೂ ಅವರ ಸಂಗಡಿಗರೂ ಅಮೀನ್ ಎಂಬ ಸಾವಯವ ಅಣುಗಳ ಸುತ್ತ ಫಾಸ್ಫೇಟಿನ ತೆರೆದ ಚೌಕಟ್ಟುಗಳನ್ನು ಕಟ್ಟಿ ಅಭ್ಯಾಸ ಮಾಡಿದರು. ಇಲ್ಲಿಯೂ ಕುಂಬಾರನ ತೊಡಕೇ ಎದುರಾಗುತ್ತದೆ: ಇಂಥ ಅನೇಕ ಹರಳುಗಳಲ್ಲಿ ಒಳಗಿನ ಅಣುವನ್ನು ಕಾಯಿಸಿ ಹೊರಗಟ್ಟಿದರೆ ಚೌಕಟ್ಟೇ ಕುಸಿಯುತ್ತದೆ. ಬರಿದಾದರೂ ಬೀಳದ ಚೌಕಟ್ಟು ಬೇಕಿತ್ತು. 1999ರಲ್ಲಿ ಒಮರ್ ಯಾಘಿ ಪ್ರಕಟಿಸಿದ ಒಂದು ಲೋಹ-ಸಾವಯವ ಚೌಕಟ್ಟು, ಬರಿದಾಗಿದ್ದಾಗಲೂ 300 ಡಿಗ್ರಿ ಶಾಖವನ್ನು ತಾಳಿತು. ಈ ಬಗೆಯ ವಸ್ತುಗಳ ಬೆಳವಣಿಗೆಗಾಗಿ ಸುಸುಮು ಕಿತಗಾವಾ, ರಿಚರ್ಡ್ ರಾಬ್ಸನ್ ಮತ್ತು ಯಾಘಿ ಅವರಿಗೆ 2025ರ ನೊಬೆಲ್ ಪಾರಿತೋಷಕ ದೊರೆಯಿತು.

ಅದರ ಉಪಯೋಗಗಳಲ್ಲಿ ಒಂದನ್ನು ಕೇಳಿ. ಇಂಥ ಒಂದು ವಸ್ತು ಮರುಭೂಮಿಯ ಗಾಳಿಯಲ್ಲಿರುವ ತೇವವನ್ನು ರಾತ್ರಿ ಹೀರಿಕೊಂಡು, ಹಗಲಿನ ಬಿಸಿಲಿಗೆ ನೀರಾಗಿ ಬಿಟ್ಟುಕೊಡುತ್ತದೆ. ನಮ್ಮ ಹರವಿ ಗಾಳಿಗೆ ನೀರು ಕೊಟ್ಟು ತಂಪು ಪಡೆಯುತ್ತದೆ. ಇದು ಗಾಳಿಯಿಂದಲೇ ನೀರು ಪಡೆಯುತ್ತದೆ. ಎರಡಕ್ಕೂ ಆಧಾರ ಬರಿದಾದ ಜಾಗವೇ.

ಅತ್ತೆಯವರ ಹರವಿಯ ಕತೆ ಏನಾಯಿತೆಂದು ನೀವು ಕೇಳಬಹುದು. ಬಾವಿಯ ಗಡಸು ನೀರು ಆವಿಯಾದಾಗ ಅದರಲ್ಲಿದ್ದ ಸುಣ್ಣ, ಉಪ್ಪುಗಳು ರಂಧ್ರಗಳಲ್ಲೇ ಉಳಿದು ದಾರಿ ಮುಚ್ಚಿದ್ದವು. ಅದು ಸಾಲದೆಂದು ಚೆಂದಕ್ಕಾಗಿ ಮೈಗೆಲ್ಲ ಎಣ್ಣೆಬಣ್ಣ ಬೇರೆ ಬಳಿದಿದ್ದರು! ಮುದುಕನ ಸಲಹೆಯಂತೆ ಹೊಸ ಹರವಿ ಬಂತು. ಅದಕ್ಕೆ ಬಣ್ಣ ಬಳಿಯಲಿಲ್ಲ. ಆಗಾಗ ಹೊರಮೈಯನ್ನು ತೆಂಗಿನ ನಾರಿನಿಂದ ತಿಕ್ಕಿ, ಬಿಳಿಯ ಪೊರೆ ಕಂಡಾಗ ನಿಂಬೆಹುಳಿ ನೀರಿನಿಂದ ತೊಳೆದು, ಗಾಳಿಯಾಡುವ ಕಡೆಯಲ್ಲಿ ಇಟ್ಟರು.

ನಿಮ್ಮ ಮನೆಯ ಹರವಿಯ ಮೈಯನ್ನೂ ಇಂದು ಒಮ್ಮೆ ಮುಟ್ಟಿ ನೋಡಿ. ಅದು ತುಸು ಒದ್ದೆಯಾಗಿದ್ದರೆ ಒರೆಸಬೇಡಿ, ಹರವಿ ಉಸಿರಾಡುತ್ತಿದೆ.