ಬೀಳುವ ಚೌಕಗಳು ಮತ್ತು ನೋಂದಣಿಯ ಪಾಠ

(ಕನ್ನಡ ಮಾಧ್ಯಮ ಶಿಕ್ಷಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗಣಕಯಂತ್ರದ ಆಟವೊಂದು ಶಿಕ್ಷಕರ ಉಪನ್ಯಾಸಕ್ಕೆ ವಿಷಯವಾಗಬಹುದೇ ಎಂಬ ಸಂದೇಹ ಸಹಜವಾದುದೇ. ಆದರೆ ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಆಟದಲ್ಲಿ ಎರಡು ಪಾಠಗಳಿವೆ. ಮೊದಲನೆಯದು ಆಟದೊಳಗಿನ ಗಣಿತ. ಎರಡನೆಯದು ಇಂತಹ ಆಟಗಳನ್ನು ಮೊದಲು ಆಡಿ ನೋಡಿ, ಮೆಚ್ಚಿದರೆ ಹಣ ತೆತ್ತು ನೋಂದಾಯಿಸಿಕೊಳ್ಳುವ ಪದ್ಧತಿಯಲ್ಲಿದ್ದ ನಂಬಿಕೆ. ಒಂದು ವಸ್ತುವಿನೊಳಗೆ ಎಷ್ಟು ಬುದ್ಧಿ ಮತ್ತು ಶ್ರಮ ಸೇರಿದೆ ಎಂಬುದನ್ನು ಅರಿತ ಮಗುವು ಅದಕ್ಕೆ ಸಲ್ಲಬೇಕಾದ ಬೆಲೆಯನ್ನು ಮನಃಪೂರ್ವಕವಾಗಿ ಕೊಡಬಲ್ಲದು. ಆದ್ದರಿಂದ ಈ ಎರಡು ಪಾಠಗಳನ್ನು ಜೊತೆಯಾಗಿಯೇ ಕಲಿಸಬೇಕು.

ಈ ಬಗೆಯ ಆಟಗಳಿಗೆಲ್ಲ ಮೂಲವಾದುದು ಟೆಟ್ರಿಸ್. 1984ರಲ್ಲಿ ಮಾಸ್ಕೋ ನಗರದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ಸಿ ಪಜಿತ್ನೊವ್ ಇದನ್ನು ರೂಪಿಸಿದರು. ಅವರ ಬಳಿ ಇದ್ದ ಎಲೆಕ್ಟ್ರೋನಿಕಾ 60 ಯಂತ್ರಕ್ಕೆ ಚಿತ್ರ ಬಿಡಿಸುವ ಶಕ್ತಿ ಇರಲಿಲ್ಲ. ಕೀಲಿಮಣೆಯಲ್ಲಿರುವ ಆವರಣ ಚಿಹ್ನೆಗಳನ್ನೇ ಜೋಡಿಸಿ ಅವರು ಚೌಕಗಳನ್ನು ಮೂಡಿಸಿದರು. ಐದೈದು ಚೌಕಗಳ ಆಕೃತಿಗಳನ್ನು ಪೆಟ್ಟಿಗೆಯಲ್ಲಿ ಹೊಂದಿಸುವ ಹಳೆಯ ಒಗಟೊಂದು ಅವರಿಗೆ ಪ್ರೇರಣೆಯಾಗಿತ್ತು. ಐದನ್ನು ನಾಲ್ಕಕ್ಕೆ ಇಳಿಸಿದಾಗ ಆಟ ಸರಳವೂ ಚುರುಕೂ ಆಯಿತು. ಗ್ರೀಕ್ ಭಾಷೆಯಲ್ಲಿ ನಾಲ್ಕು ಎಂಬರ್ಥದ ‘ಟೆಟ್ರಾ’ ಪದಕ್ಕೆ ತಮಗೆ ಪ್ರಿಯವಾದ ಟೆನಿಸ್ ಅನ್ನು ಸೇರಿಸಿ ಅವರು ಹೆಸರಿಟ್ಟರು. ಬಳಿಕ ಅದನ್ನು ಐಬಿಎಂ ಗಣಕಯಂತ್ರಕ್ಕೆ ಅಳವಡಿಸುವಲ್ಲಿ ಪ್ರಮುಖ ಪಾತ್ರ ವಹಿಸಿದವನು ವಾದಿಮ್ ಗೆರಾಸಿಮೊವ್ ಎಂಬ 16 ವರ್ಷದ ಶಾಲಾ ಬಾಲಕ. ಈ ಸಂಗತಿಯನ್ನು ಪ್ರೌಢಶಾಲೆಯ ಮಕ್ಕಳಿಗೆ ತಪ್ಪದೇ ಹೇಳಬೇಕು.

ಈಗ ಆಟದೊಳಗಿನ ಗಣಿತವನ್ನು ನೋಡಬಹುದು. ಇದನ್ನು ಕಲಿಸಲು ಗಣಕಯಂತ್ರ ಬೇಕಿಲ್ಲ. ಹಳೆಯ ಕ್ಯಾಲೆಂಡರಿನ ರಟ್ಟು, ಕತ್ತರಿ ಮತ್ತು ಚೌಕುಳಿ ಹಾಳೆ ಸಾಕು. ನಾಲ್ಕು ಸಮಾನ ಚೌಕಗಳನ್ನು ಅಂಚಿಗೆ ಅಂಚು ತಾಗಿಸಿ ಎಷ್ಟು ಆಕೃತಿಗಳನ್ನು ಮಾಡಬಹುದು ಎಂದು ಮಕ್ಕಳನ್ನು ಕೇಳಬೇಕು. ತಿರುಗಿಸಲು ಮಾತ್ರ ಅವಕಾಶವಿದ್ದರೆ ಉತ್ತರ ಏಳು. ಮಗುಚಿ ಹಾಕಲೂ ಅವಕಾಶವಿದ್ದರೆ ಐದು. ಪರದೆಯ ಮೇಲೆ ತುಂಡನ್ನು ತಿರುಗಿಸಬಹುದೇ ಹೊರತು ಮಗುಚಲಾಗದು. ರಟ್ಟಿನ ತುಂಡನ್ನು ಮಗುಚಬಹುದು. ಪರಿಭ್ರಮಣ ಮತ್ತು ಪ್ರತಿಬಿಂಬಗಳ ವ್ಯತ್ಯಾಸವನ್ನು ಮಕ್ಕಳು ಹೀಗೆ ಕೈಯಾರೆ ಕಂಡುಕೊಳ್ಳುತ್ತಾರೆ.

ಆಕೃತಿಗಳಿಗೆ ಮಕ್ಕಳೇ ಹೆಸರಿಡಲಿ. ಉದ್ದನೆಯದು ಕೋಲು, ಚೌಕವಾಗಿರುವುದು ಮಣೆ, ನಡುವೆ ಚಾಚಿರುವುದು ಕವಲು. ಉಳಿದವು ಎಡಗೊಕ್ಕೆ, ಬಲಗೊಕ್ಕೆ, ಎಡಮೆಟ್ಟಿಲು, ಬಲಮೆಟ್ಟಿಲು. ತಾಳವಾಡಿಯ ಮಗು ಇಡುವ ಹೆಸರು ಜತ್ತದ ಮಗುವಿನ ಹೆಸರಿಗಿಂತ ಬೇರೆಯಾಗಿದ್ದರೆ ಅದು ದೋಷವಲ್ಲ. ಮನೆಯ ಮಾತಿನಿಂದ ಬಂದ ಹೆಸರನ್ನು ಹಿಡಿದು ಯೋಚಿಸಿದ ಮಗುವಿಗೆ ವಿಸ್ತೀರ್ಣ, ಸುತ್ತಳತೆ, ಅಪವರ್ತ್ಯ ಎಂಬ ಪಠ್ಯಪುಸ್ತಕದ ಪದಗಳು ಮುಂದೆ ಭಾರವಾಗುವುದಿಲ್ಲ. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನೋಡಿಕೊಳ್ಳುವ ಗಡಿಭಾಗದ ಶಾಲೆಗಳಲ್ಲಿ ಈ ಒಂದೇ ಸಾಮಗ್ರಿ ಎಲ್ಲರಿಗೂ ಒದಗುತ್ತದೆ.

ಕಿರಿಯರು ಚೌಕಗಳನ್ನು ಎಣಿಸಲಿ. ಐದನೆಯ ತರಗತಿಯವರು ಸುತ್ತಳತೆಯನ್ನು ಅಳೆಯಲಿ. ಏಳೂ ಆಕೃತಿಗಳ ವಿಸ್ತೀರ್ಣ 4 ಚದರ ಮಾನ. ಆದರೆ ಮಣೆಯ ಸುತ್ತಳತೆ 8, ಉಳಿದ ಆರರದೂ 10. ವಿಸ್ತೀರ್ಣ ಒಂದೇ ಆದರೂ ಸುತ್ತಳತೆ ಬೇರೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ದೊರೆಯದು. ಇನ್ನು ಲಘುತಮ ಸಾಮಾನ್ಯ ಅಪವರ್ತ್ಯ. ಆಟದ ಹಲಗೆಯ ಅಗಲ 10 ಚೌಕ. ಬೀಳುವ ತುಂಡಿನಲ್ಲಿರುವುದು 4 ಚೌಕ. ತುಂಬಿದ ಸಾಲು ಮಾಯವಾಗುತ್ತದೆ. ಹಲಗೆ ಪೂರ್ಣವಾಗಿ ಬರಿದಾಗಬೇಕಾದರೆ ಕನಿಷ್ಠ ಎಷ್ಟು ತುಂಡುಗಳು ಬಿದ್ದಿರಬೇಕು? 4 ಮತ್ತು 10ರ ಲ.ಸಾ.ಅ. 20; ಅಂದರೆ 5 ತುಂಡು, 2 ಸಾಲು.

ಎಂಟನೆಯ ತರಗತಿಯವರಿಗೆ ಒಂದು ಸವಾಲು. ಏಳು ಆಕೃತಿಗಳನ್ನೂ ಒಂದೊಂದು ಸಲ ಬಳಸಿ 28 ಚೌಕಗಳ ಆಯತವನ್ನು ಮಾಡಲು ಹೇಳಬೇಕು. ಅವರು ಬಹಳ ಹೊತ್ತು ಹೆಣಗಲಿ. ಆಮೇಲೆ ಆಯತವನ್ನು ಚದುರಂಗದ ಹಾಸಿನಂತೆ ಕಪ್ಪು ಬಿಳುಪಾಗಿ ಬಣ್ಣಿಸಲು ತಿಳಿಸಬೇಕು. ಅದರಲ್ಲಿ 14 ಕಪ್ಪು, 14 ಬಿಳಿ ಚೌಕಗಳಿರುತ್ತವೆ. ಆರು ಆಕೃತಿಗಳು ಎಲ್ಲಿ ಕುಳಿತರೂ ಎರಡು ಕಪ್ಪನ್ನೂ ಎರಡು ಬಿಳಿಯನ್ನೂ ಮುಚ್ಚುತ್ತವೆ. ಕವಲು ಮಾತ್ರ ಒಂದು ಬಣ್ಣದ ಮೂರನ್ನೂ ಇನ್ನೊಂದರ ಒಂದನ್ನೂ ಮುಚ್ಚುತ್ತದೆ. ಒಟ್ಟು 15 ಮತ್ತು 13 ಆಗುವುದರಿಂದ ಅಂತಹ ಆಯತ ಅಸಾಧ್ಯ. ಒಂದು ಕೆಲಸ ಆಗುವುದೇ ಇಲ್ಲ ಎಂಬುದನ್ನು ಸಾಧಿಸಿ ತೋರಿಸುವುದೂ ಗಣಿತವೇ ಎಂಬ ಅರಿವು ಮಕ್ಕಳಿಗೆ ಇಲ್ಲಿ ಮೂಡುತ್ತದೆ.

ಇಷ್ಟು ಬುದ್ಧಿ ಅಡಗಿರುವ ಈ ಆಟವನ್ನು ಮಾಡಿದವರಿಗೆ ದೊರೆತದ್ದೇನು? ಟೆಟ್ರಿಸ್ ಮಾಸ್ಕೋದಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ನಕಲಾಗಿ ಹಬ್ಬಿತು. 1989ರಲ್ಲಿ ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಎಂಬ ಕೈಯಂತ್ರದೊಂದಿಗೆ ಲೋಕಪ್ರಸಿದ್ಧವಾಯಿತು. ಆದರೆ ಅದರ ಹಕ್ಕು ಸೋವಿಯತ್ ಸರ್ಕಾರದ ವಶದಲ್ಲಿತ್ತು. ಪಜಿತ್ನೊವ್ ಅವರಿಗೆ ಗೌರವಧನ ಬರತೊಡಗಿದ್ದು 1996ರಲ್ಲಿ, ಹಕ್ಕು ಅವರ ಕೈಸೇರಿದ ಮೇಲೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಬೇರೊಂದು ದಾರಿ ತೆರೆದಿತ್ತು. 1982ರಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಮತ್ತು ಜಿಮ್ ನಾಫ್ ಎಂಬ ಇಬ್ಬರು ತಮ್ಮ ತಂತ್ರಾಂಶಗಳನ್ನು ಅಂಗಡಿಗೆ ಒಯ್ಯದೆ ಜನರ ಕೈಗೇ ಕೊಟ್ಟರು: ನಕಲು ಮಾಡಿ ಹಂಚಿರಿ, ಉಪಯೋಗವಾದರೆ ಹಣ ಕಳುಹಿಸಿರಿ. ಮರುವರ್ಷ ಬಾಬ್ ವಾಲೇಸ್ ತಮ್ಮ ಪಿಸಿ-ರೈಟ್ ತಂತ್ರಾಂಶವನ್ನು ಇದೇ ರೀತಿ ಹಂಚಿದರು. ಶೇರ್‌ವೇರ್ ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದ. ಮುಂದೆ ಬೀಳುವ ತುಂಡುಗಳ ಹಲವು ಆಟಗಳು ಈ ಪದ್ಧತಿಯಲ್ಲಿಯೇ ಬಂದವು. ಫ್ಲಾಪಿಯಲ್ಲಿ ಆಟದ ಜೊತೆಗೆ ಒಂದು ಬರಹ ಕಡತವಿರುತ್ತಿತ್ತು. ಅದರಲ್ಲಿ ಕರ್ತೃವಿನ ವಿಳಾಸ ಮತ್ತು ಶುಲ್ಕದ ವಿವರ. ಅಂಚೆಯಲ್ಲಿ ಚೆಕ್ ಕಳುಹಿಸಿದವರಿಗೆ ನೋಂದಣಿ ಸಂಖ್ಯೆ ಬರುತ್ತಿತ್ತು. ಅದನ್ನು ಟಂಕಿಸಿದರೆ ನೆನಪಿಸುವ ಪರದೆ ಮರೆಯಾಗುತ್ತಿತ್ತು, ಕೆಲವು ಆಟಗಳಲ್ಲಿ ಮುಂದಿನ ಹಂತಗಳು ತೆರೆಯುತ್ತಿದ್ದವು. ಹಣ ಕೊಡದವರನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ. ಕಾವಲುಗಾರನಿಲ್ಲದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಗೆ ತಾವೇ ಹಣ ಹಾಕಿ ಹೋಗುವಂತಹ ವ್ಯವಹಾರವಿದು.

ಇಲ್ಲಿ ಒಂದು ತೊಡಕೂ ಇದೆ. ಟೆಟ್ರಿಸ್‌ನ ಕಲ್ಪನೆಯನ್ನು ಬಳಸಿ ತನ್ನದೇ ಆಟ ಮಾಡಿದವನು ಶುಲ್ಕ ಕೇಳುವುದು ನ್ಯಾಯವೇ? 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯವು ಇಂತಹ ಒಂದು ಮೊಕದ್ದಮೆಯಲ್ಲಿ ತೀರ್ಪು ನೀಡಿತು. ಆಟದ ನಿಯಮಗಳಿಗೆ ಕೃತಿಸ್ವಾಮ್ಯವಿಲ್ಲ. ಆದರೆ ತುಂಡುಗಳ ರೂಪ, ಹಲಗೆಯ ಅಳತೆ, ಒಟ್ಟು ನೋಟ ಇವನ್ನು ಹಾಗೆಯೇ ನಕಲು ಮಾಡಲಾಗದು ಎಂಬುದು ಅದರ ಸಾರ. ಪ್ರೌಢಶಾಲೆಯ ಚರ್ಚಾಸ್ಪರ್ಧೆಗೆ ಇದು ಒಳ್ಳೆಯ ವಿಷಯ. ಎರಡೂ ಪಕ್ಷಗಳಿಗೆ ಹೇಳುವ ಮಾತಿದೆ.

ಕನ್ನಡ ಶಾಲೆಗಳಿಗೆ ಈ ವಿಚಾರ ದೂರದ್ದಲ್ಲ. ಪ್ರಶ್ನೆಪತ್ರಿಕೆಗಳು ಸಿದ್ಧವಾಗುವ ‘ನುಡಿ’ ತಂತ್ರಾಂಶವನ್ನು ಕನ್ನಡ ಗಣಕ ಪರಿಷತ್ತು ಉಚಿತವಾಗಿ ಒದಗಿಸಿತು. ಅದರ ಕೀಲಿಮಣೆಯ ವಿನ್ಯಾಸಕ್ಕೆ ಆಧಾರ ಕೆ.ಪಿ. ರಾವ್ ಅವರ ಕೆಲಸ. ಕಾಸರಗೋಡಿನ ಶಾಲೆಗಳ ಗಣಕಯಂತ್ರಗಳಲ್ಲಿ ಕೇರಳದ ಕೈಟ್ ಸಂಸ್ಥೆಯ ಮೂಲಕ ಬಂದ ಸ್ವತಂತ್ರ ತಂತ್ರಾಂಶವಿದೆ. ಅದನ್ನು ಬೇಕಾದಷ್ಟು ಸಲ ನಕಲು ಮಾಡಿ ಹಂಚಬಹುದು. ಕರ್ತೃಗಳೇ ಆ ಅನುಮತಿಯನ್ನು ಕೊಟ್ಟಿದ್ದಾರೆ. ಶೇರ್‌ವೇರ್‌ನಲ್ಲಿ ಪರೀಕ್ಷಿಸಿ ನೋಡಲು ಅನುಮತಿ, ಮುಂದುವರಿಸಲು ಶುಲ್ಕ. ಬೆಲೆಯುಳ್ಳ ತಂತ್ರಾಂಶದಲ್ಲಿ ಮೊದಲೇ ಹಣ. ಈ ಮೂರರ ಭೇದವನ್ನು ಶಿಕ್ಷಕರು ಅರಿತು, ಮಕ್ಕಳಿಗೂ ತಿಳಿಸಬೇಕು. ಶಾಲೆಗೆ ಹಣವಿಲ್ಲದಿದ್ದರೆ ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಳ್ಳುವ ದಾರಿ ಇದ್ದೇ ಇದೆ. ಬೀಗ ಮುರಿದ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತಂದು ಶಾಲೆಯ ಯಂತ್ರಕ್ಕೆ ಹಾಕುವುದನ್ನು ಮಗು ನೋಡುತ್ತಿರುತ್ತದೆ. ಅಂದು ನೀತಿಪಾಠದ ಅವಧಿಯಲ್ಲಿ ಏನು ಹೇಳಿದರೂ ಅದು ಮಗುವಿನ ಮನಸ್ಸಿಗೆ ನಾಟದು.

ಸಣ್ಣ ಭಾಷಾ ಸಮುದಾಯಗಳಿಗೆ ಇದರ ಮಹತ್ವ ಇನ್ನೂ ಹೆಚ್ಚು. ದೊಡ್ಡ ಮಾರುಕಟ್ಟೆಯಿರುವ ಭಾಷೆಗೆ ತಂತ್ರಾಂಶ ತಾನಾಗಿ ಬರುತ್ತದೆ. ಗಡಿಯಾಚೆಯ ಕನ್ನಡ ಮಗುವಿಗೆ ಬೇಕಾದ ಆಟ, ನಿಘಂಟು, ಅಕ್ಷರ ಕಲಿಕೆಯ ಸಾಧನಗಳನ್ನು ಮಾಡಬೇಕಾದವರು ಬಿಡುವಿನಲ್ಲಿ ಕುಳಿತು ದುಡಿಯುವ ಕೆಲವೇ ಮಂದಿ. ಬಳಸಿದವರು ಬೆಲೆ ಕೊಟ್ಟರೆ, ಬೆಲೆಯಿಲ್ಲದಿದ್ದರೆ ದೋಷಗಳನ್ನು ತಿಳಿಸಿ ನಾಲ್ಕು ಸಾಲಿನ ಪತ್ರ ಬರೆದರೆ, ಅವರ ಕೆಲಸ ಮುಂದುವರಿಯುತ್ತದೆ. ರಟ್ಟಿನ ಏಳು ತುಂಡುಗಳ ಚಟುವಟಿಕೆ ಮುಗಿದ ದಿನವೇ ಮಕ್ಕಳಿಂದ ಅಂತಹ ಪತ್ರವೊಂದನ್ನು ಕನ್ನಡದಲ್ಲಿ ಬರೆಯಿಸಬಹುದು. ಪತ್ರಲೇಖನದ ಪಾಠವೂ ಅದರಿಂದ ಆದಂತಾಗುತ್ತದೆ.